ತಂಡದ ಹೆಸರು ಪೆನ್ಸಿಲ್ಲಿನಲ್ಲಿ

ಕಳೆದ ಶನಿವಾರ ಬೆಳಿಗ್ಗೆ ರೌಸ್ ಹಿಲ್‌ನ ನಮ್ಮ ಮನೆಯ ಡೈನಿಂಗ್ ಟೇಬಲ್ ಮುಂದೆ ಕೂತು ನಾನು ಒಂದು ಮಾನಪತ್ರಕ್ಕೆ ವೈಟ್ನರ್ ಹಚ್ಚುತ್ತಿದ್ದೆ. ಅಳಿಸಬೇಕಾಗಿದ್ದುದು ಒಂದೇ ಪದ. ಸಿಡ್ನಿ.

ಇದೇ ಊರಿನ ನಮ್ಮ ಕನ್ನಡ ಸಂಘದ ಮಾನಪತ್ರಗಳನ್ನು ಬರೆಯುವವನು ನಾನೇ. (ಕೈಬರಹ ಚೆನ್ನಾಗಿರುವವರಿಗೆ ಇಲ್ಲವೇ 'ಆಗಲ್ಲ' ಅನ್ನಲು ಬಾರದವರಿಗೆ ಸಿಗುವ ಕೆಲಸ ಇದು. ನನ್ನ ಕೈಬರಹ ಚೆನ್ನಾಗಿಲ್ಲ.) 'ಹೆಸರಾಂತ', 'ಸಾಧಕ', 'ಅಂತರರಾಷ್ಟ್ರೀಯ ಖ್ಯಾತಿ' ಇಷ್ಟು ಕೈಯಲ್ಲಿದ್ದರೆ ಯಾರಿಗೆ ಬೇಕಾದರೂ ಶಾಲು ಹೊದಿಸಬಹುದು. ಹೋದ ವರ್ಷ ಅಂತರರಾಷ್ಟ್ರೀಯ ಖ್ಯಾತಿಯ ಡೆಂಟಿಸ್ಟ್ ಒಬ್ಬರಿಗೆ ಹೊದಿಸಿದೆವು. ಅವರು ಓದಿದ್ದು ದಾವಣಗೆರೆ, ಕ್ಲಿನಿಕ್ಕು ಸಿಡ್ನಿ. ಅಂತರರಾಷ್ಟ್ರೀಯವೇ ತಾನೆ?

ಈ ಸಲದ ಯುಗಾದಿಗೆ (ಇಲ್ಲಿ ಬಾಡಿಗೆಗೆ ಹಾಲ್ ಸಿಕ್ಕ ದಿನವೇ ಯುಗಾದಿ) ರೋಶನ್ ಎಂಬ ಐಸ್ ಹಾಕಿ ಆಟಗಾರನಿಗೆ ಸನ್ಮಾನ ಎಂದಾಯಿತು. ಮಂಗಳೂರಿನಿಂದ ಬಂದು ಇಲ್ಲೇ ನೆಲೆಸಿರುವ ಲಿಲ್ಲಿ ಆಂಟಿಯ ಮಗ. ಶಾಲೆಯ ಗೆಳೆಯನ ಬರ್ತ್‌ಡೇ ಪಾರ್ಟಿಗೆಂದು ಐಸ್ ಸ್ಕೇಟಿಂಗ್ ರಿಂಕಿಗೆ ಹೋದವನು ಮತ್ತೆ ಈಚೆಗೆ ಬರಲೇ ಇಲ್ಲ.

ವಿವರ ಕೇಳಲು ಫೋನ್ ಮಾಡಿದೆ.

"ಯಾವ್ಯಾವ ಟೀಮಲ್ಲಿ ಆಡಿದೀಯಪ್ಪ?"

ಕೆನಡಾದ ಎರಡು ಸಣ್ಣ ಊರು, ಪೋಲೆಂಡ್, ರೊಮೇನಿಯಾ, ಮತ್ತೆ ಪೋಲೆಂಡ್, ಫ್ರಾನ್ಸ್... ಹೇಳುತ್ತಲೇ ಹೋದ. ಒಂಬತ್ತು ದಾಟಿದ ಮೇಲೆ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. 'ಅಂತರರಾಷ್ಟ್ರೀಯ' ಎಂಬ ಪದವನ್ನು ಮೊದಲ ಬಾರಿಗೆ ಸುಳ್ಳಿಲ್ಲದೆ ಬರೆಯುವವನಿದ್ದೆ.

"ಗೋಲು ಎಷ್ಟು?"

"ನಾಟ್ ಮೆನಿ, ಅಂಕಲ್. ಐ ಬ್ಲಾಕ್ ಶಾಟ್ಸ್."

ಅಂದರೆ ಎದುರಿನವನು ಹೊಡೆದ ಗಟ್ಟಿ ರಬ್ಬರ್ ಬಿಲ್ಲೆ ಗೋಲಿಗೆ ನುಗ್ಗದಂತೆ ಇವನು ಅಡ್ಡ ಬೀಳಬೇಕು. ಸೀಸನ್ ಮುಗಿದ ಕೂಡಲೇ ತಂಡದವರು ಥ್ಯಾಂಕ್ಸ್ ಹೇಳಿ ಬಿಟ್ಟುಬಿಡುತ್ತಾರೆ. ಇವನು ಬ್ಯಾಗು ಹೊತ್ತು ಇನ್ನೊಂದು ಊರಿಗೆ. ಹನ್ನೆರಡು ವರ್ಷ ಹೀಗೆ ತಿರುಗಿ, ಈಗ ಸಿಡ್ನಿಯ ಒಂದು ತಂಡ ಸೇರಿದ್ದ. ನಾನು 'ಸಿಡ್ನಿ ತಂಡದ ಹೆಮ್ಮೆಯ ಆಟಗಾರ, ಎರಡು ಹಲ್ಲುಗಳನ್ನು ಕ್ರೀಡೆಗೆ ಅರ್ಪಿಸಿದ ಸಾಧಕ' ಎಂದು ಬರೆದೆ. ಪ್ರಿಂಟಾಯಿತು, ಫ್ರೇಮೂ ಆಯಿತು.

ಶುಕ್ರವಾರ ಸಂಜೆ ಲಿಲ್ಲಿ ಆಂಟಿಯ ಫೋನು.

"ಮಾರಾಯ್ರೆ, ಅವನನ್ನು ಬಿಟ್ರಂತೆ. ಈಗ ಮೆಲ್ಬರ್ನಿನ ಟೀಮಂತೆ. ಅಲ್ಲೇ ಪಾಯಿಂಟ್ ಕುಕ್‌ನಲ್ಲಿ ರೂಮು ಮಾಡಿ ಆಗಿದೆ. ನಾಳೆಯ ಸನ್ಮಾನಕ್ಕೆ ಎಂತ ಮಾಡುವುದು?"

ಅಧ್ಯಕ್ಷರಿಗೆ ಫೋನ್ ಮಾಡಿ ಕೇಳಿದೆ. (ಹನ್ನೊಂದು ವರ್ಷಗಳಿಂದ ಅವರೇ ನಮ್ಮ ಅಧ್ಯಕ್ಷರು.)

"ಹಾಗಾದ್ರೆ ಮೆಲ್ಬರ್ನ್ ಸಂಘದವ್ರೇ ಮಾಡ್ಲಿ ಬಿಡ್ರಿ. ನಮ್ ಶಾಲು ಯಾಕೆ ವೇಸ್ಟು?"

ಪಕ್ಕದಲ್ಲಿದ್ದ ಕಾರ್ಯದರ್ಶಿಯ ದನಿಯೂ ಕೇಳಿಸಿತು. "ಒಂದ್ ಕಡೆ ನೆಟ್ಟಗೆ ನಿಲ್ಲದೋರಿಗೆ ಸನ್ಮಾನ ಏನಕ್ಕೆ ಸಾರ್?"

ಈ ಕಾರ್ಯದರ್ಶಿ ಐಟಿ ಕಾಂಟ್ರಾಕ್ಟರ್. ಆರು ತಿಂಗಳಿಗೊಂದು ಕಂಪನಿ. ನಾನೂ ಅದೇ, ಸಂಘದ ಅರ್ಧ ಜನ ಅದೇ. ನಮ್ಮನ್ನು ಕಳಿಸಿದರೆ 'ಪ್ರಾಜೆಕ್ಟ್ ಮುಗೀತು' ಅನ್ನುತ್ತೇವೆ. ರೋಶನ್‌ನನ್ನು ಕಳಿಸಿದರೆ ಅವನು ನೆಟ್ಟಗೆ ನಿಲ್ಲದವನು. ವ್ಯತ್ಯಾಸ ಇಷ್ಟೇ. ಅವನು ಡ್ಯೂಟಿಯಲ್ಲಿ ಅಡ್ಡ ಬಿದ್ದು ಹಲ್ಲು ಕಳೆದುಕೊಂಡ. ನಾವು ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ದೋಸೆ ಹುಯ್ದುಕೊಂಡೆವು.

ಆಂಟಿಗೆ ವಿಷಯ ಹೇಗೆ ಹೇಳುವುದು? ಹೇಳಿದೆ.

"ಚರ್ಚಿನಲ್ಲಿ ಎಲ್ಲರಿಗೂ ಹೇಳಿ ಆಗಿದೆ. ಅದು ಹೋಗಲಿ. ನನ್ನ ಮಗನನ್ನು ಇಷ್ಟು ವರ್ಷ ಎಲ್ಲರೂ ಬಿಟ್ಟದ್ದೇ. ಕರೆದು ಕೂರಿಸಿದವರು ಒಬ್ಬರೂ ಇಲ್ಲ."

ನನಗೆ ಸಿಟ್ಟು ಬಂತು. ಅಧ್ಯಕ್ಷರಿಗೆ ಮತ್ತೆ ಫೋನ್ ಹಚ್ಚಿ, ರೋಶನ್‌ಗೆ ಶಾಲು ಇಲ್ಲದಿದ್ದರೆ ಇನ್ನು ಮುಂದೆ ಮಾನಪತ್ರಗಳನ್ನು ನೀವೇ ಬರೆದುಕೊಳ್ಳಿ ಎಂದೆ. ಬೆದರಿಕೆ ಕೆಲಸ ಮಾಡಿತು. ಅವರಿಗೆ 'ಅಂತರರಾಷ್ಟ್ರೀಯ' ಬರೆಯಲು ಬರುವುದಿಲ್ಲ, ಒಂದು 'ರ' ಬಿಟ್ಟುಹೋಗುತ್ತದೆ.

ಹಾಗಾಗಿ ಶನಿವಾರ ಬೆಳಿಗ್ಗೆ ಫ್ರೇಮು ಬಿಚ್ಚಿ ವೈಟ್ನರ್ ಹಚ್ಚಿದೆ. ಹೊಸ ತಂಡದ ಹೆಸರು ಕೇಳಲು ರೋಶನ್‌ಗೆ ಫೋನ್ ಮಾಡಿದರೆ, ಅವನಾಗಲೇ ಮೆಲ್ಬರ್ನಿನಿಂದ ಕಾರಿನಲ್ಲಿ ಹೊರಟು ದಾರಿಯ ನಡುವಿನ ಆಲ್ಬರಿ ದಾಟಿದ್ದ.

"ಯೂಸ್ ಎ ಪೆನ್ಸಿಲ್, ಅಂಕಲ್," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಪೆನ್ಸಿಲ್ಲಿನಲ್ಲೇ 'ಮೆಲ್ಬರ್ನ್' ಎಂದು ಬರೆದೆ.

ಸಂಜೆ ಸನ್ಮಾನ ನಡೆಯಿತು. ಪೇಟ ಸಣ್ಣದಾಗಿ ನೆತ್ತಿಯ ಮೇಲೆಯೇ ಕೂತಿತು. ಅಧ್ಯಕ್ಷರು ಇಪ್ಪತ್ತು ನಿಮಿಷ ತಮ್ಮ ಸೇವೆಯ ಬಗ್ಗೆ ಮಾತಾಡಿ, ಕೊನೆಗೆ ಆಟಗಾರನ ಹೆಸರನ್ನು ರೋಹನ್ ಎಂದರು. ರೋಶನ್ ಮೈಕ್ ಹಿಡಿದು "ನಮಸ್ಕಾರ, ಥ್ಯಾಂಕ್ಯೂ, ಮಮ್ಮಿ" ಎಂದಷ್ಟೇ ಹೇಳಿದ. ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದ ಲಿಲ್ಲಿ ಆಂಟಿ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ, ನಾನೂ ಒರೆಸಿಕೊಂಡೆ.

ಊಟದ ಕ್ಯೂನಲ್ಲಿ ಆಂಟಿ ಕನ್ನಡಕ ಹಾಕಿಕೊಂಡು ಮಾನಪತ್ರವನ್ನು ಮೇಲಿಂದ ಕೆಳಗೆ ಓದಿದರು. ಪೆನ್ಸಿಲ್ಲಿನ ಮೆಲ್ಬರ್ನ್ ನೋಡಿ ಮಗನ ಬೆನ್ನು ತಟ್ಟಿದರು. ಆಮೇಲೆ ಅವರ ಬೆರಳು ಕೆಳಗೆ ಹೋಗಿ, ಬಂಗಾರದ ಬಣ್ಣದಲ್ಲಿ ಪ್ರಿಂಟಾಗಿದ್ದ ಅಧ್ಯಕ್ಷರ ಹೆಸರಿನ ಮೇಲೆ ನಿಂತಿತು.

"ಹನ್ನೊಂದು ವರ್ಷದಿಂದ ಇವರೇ ಅಂತೆ," ಎಂದರು. "ಇವರನ್ನು ಯಾರೂ ಬಿಡುವುದಿಲ್ವಾ ಮಾರಾಯ್ರೆ?"