ರೇಖಾ ಬರೆದ ಒಂದು ಸಾಲು

೨೦೦೬ರ ಮಾತು. ಚಾಮರಾಜಪೇಟೆಯ ಒಂದು ರಕ್ತನಿಧಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದಾಗಿತ್ತು. ಜೊತೆಗೆ ರೇಖಾ ಇದ್ದಳು. ನನಗಿಂತ ತಡವಾಗಿ ಸೇರಿದವಳು. ಆದರೂ ಏನೇ ಕೆಟ್ಟರೂ ನಮ್ಮ ಡಾಕ್ಟರ ಬಾಯಲ್ಲಿ ಮೊದಲು ಬರುತ್ತಿದ್ದುದು ಅವಳ ಹೆಸರೇ. ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು.

ಆ ಶನಿವಾರ ರೇಖಾ ರಜೆ ಹಾಕಿದ್ದಳು. ನಮ್ಮ ಲಿನಕ್ಸ್ ಸರ್ವರಿನಲ್ಲಿ ಎಲ್ಲ ಪ್ರೋಗ್ರಾಂಗಳನ್ನೂ ತಾನೇ ಶುರುಮಾಡಿ, ನಿಂತುಹೋದರೆ ಮತ್ತೆ ಎಬ್ಬಿಸುವ ಸರ್ವಿಸ್ ಮ್ಯಾನೇಜರ್ ಒಂದಿತ್ತು. ಅದನ್ನು ಅಪ್‌ಡೇಟ್ ಮಾಡುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬಂದಿತ್ತು. ಅವಳಿಲ್ಲದಾಗಲೇ ಮುಗಿಸಿ ತೋರಿಸೋಣವೆಂದು ಬೆಳಿಗ್ಗೆಯೇ ಓಡಿಸಿದೆ. ಸ್ಕ್ರಿಪ್ಟ್ ಅರ್ಧದಲ್ಲೇ ನಿಂತಿತು. ರಕ್ತದಾನಿಗಳ ವಿವರವಿದ್ದ ಪ್ರೋಗ್ರಾಂ ಏಳಲೇ ಇಲ್ಲ.

ಅಷ್ಟರಲ್ಲಿ ಬಸವನಗುಡಿಯ ಒಂದು ಹೆರಿಗೆ ಆಸ್ಪತ್ರೆಯಿಂದ ಫೋನ್. ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ನಮ್ಮಲ್ಲಿದ್ದದ್ದನ್ನು ಕಳಿಸಿದೆವು. ಅದು ಸಾಲದು, ದಾನಿಗಳನ್ನೇ ಕರೆಸಬೇಕು. ಅವರ ನಂಬರುಗಳೆಲ್ಲ ಸರ್ವರಿನಲ್ಲಿ.

"ರೇಖಾನ ಕರೀರಿ," ಎಂದರು ಡಾಕ್ಟರ್.

"ನಾನೇ ನೋಡ್ತಿದೀನಿ ಸಾರ್."

"ನೀವು ನೋಡ್ತಾ ಇರಿ. ಅವರೂ ಬರಲಿ."

ಮನಸ್ಸಿಲ್ಲದ ಮನಸ್ಸಿನಿಂದ ಫೋನ್ ಮಾಡಿದೆ. "ಆಟೋ ಹಿಡ್ಕೊಂಡು ಬಂದ್ಬಿಡ್ತೀನಿ ಕಣೇ," ಎಂದಳು ಮಲ್ಲೇಶ್ವರದಿಂದ.

ವಿಚಿತ್ರವೆಂದರೆ, ನಾನೇ ಟೈಪ್ ಮಾಡಿ ಶುರುಮಾಡಿದರೆ ಪ್ರೋಗ್ರಾಂ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸರ್ವಿಸ್ ಮ್ಯಾನೇಜರ್ ಅದನ್ನು ನಿಲ್ಲಿಸಿ, ತಾನು ಶುರುಮಾಡಲು ಹೋಗಿ ಸೋಲುತ್ತಿತ್ತು. ಮ್ಯಾನೇಜರನ್ನೇ ನಿಲ್ಲಿಸೋಣವೆಂದರೆ ರಕ್ತದ ಫ್ರಿಜ್ಜುಗಳ ತಾಪಮಾನ ನೋಡಿಕೊಳ್ಳುವ ಪ್ರೋಗ್ರಾಮೂ ಅದರ ಕೈಯಲ್ಲೇ ಇತ್ತು. ಹಾಗಾಗಿ ಮತ್ತೆ ಮತ್ತೆ ಶುರುಮಾಡುತ್ತಾ, ಅದು ನಿಲ್ಲುವ ಮೊದಲು ತೆರೆಯ ಮೇಲೆ ಕಂಡ ಓ ನೆಗೆಟಿವ್ ದಾನಿಗಳ ನಂಬರುಗಳನ್ನು ಗಟ್ಟಿಯಾಗಿ ಓದಿದೆ. ರಿಸೆಪ್ಷನ್ನಿನ ಶಾಂತಮ್ಮನವರು ಡಯಲ್ ಮಾಡುತ್ತಾ ಹೋದರು. ತ್ಯಾಗರಾಜನಗರದ ದಾನಿಯೊಬ್ಬರು "ಈಗ್ಲೇ ಹೊರಟೆ" ಎಂದರಂತೆ. ಇನ್ನೊಬ್ಬರೂ ಒಪ್ಪಿದರು.

ಅವರು ಬಂದು ಮಲಗಿ ರಕ್ತ ಕೊಡುವ ಹೊತ್ತಿಗೆ ರೇಖಾ ಬಂದಳು. ಸರ್ವರ್ ಏನೇನು ಮಾಡಿತೆಂದು ದಾಖಲಾಗಿದ್ದ ಲಾಗ್ ನೋಡಿದಳು, ನನ್ನನ್ನು ಒಂದೆರಡು ಪ್ರಶ್ನೆ ಕೇಳಿದಳು.

"ನೀನು ಟೈಪ್ ಮಾಡ್ದಾಗ ನಿನ್ನ ಲಾಗಿನ್ ಸೆಟ್ಟಿಂಗ್ ಜೊತೆಗಿರತ್ತೆ. ಹೊಸ ಮ್ಯಾನೇಜರ್‌ಗೆ ಅದಿಲ್ಲ. ಡೇಟಾಬೇಸ್ ಯಾವ ಡೈರೆಕ್ಟರಿಲಿದೆ ಅಂತಾನೇ ಅದಕ್ಕೆ ಗೊತ್ತಿಲ್ಲ ನೋಡು."

ಸ್ಕ್ರಿಪ್ಟಿನಲ್ಲಿ ಒಂದೇ ಸಾಲು ತಿದ್ದಿ ಆ ಡೈರೆಕ್ಟರಿಯ ಪೂರ್ತಿ ವಿಳಾಸ ಬರೆದು ಮತ್ತೆ ಓಡಿಸಿದಳು. ಪ್ರೋಗ್ರಾಂ ಎದ್ದು ನಿಂತಿತು.

"ರೇಖಾ ಇಲ್ದಿದ್ರೆ ನಮ್ಮ ಕಥೆ ಮುಗೀತಿತ್ತು," ಎಂದರು ಡಾಕ್ಟರ್. ನಾನು ಕೈ ತೊಳೆಯುವ ನೆಪದಲ್ಲಿ ಎದ್ದುಹೋಗಿ, ನಲ್ಲಿ ಬಿಟ್ಟುಕೊಂಡು ನಿಂತೆ.

ಕೆಲವು ದಿನಗಳ ನಂತರ ಆ ಬಾಣಂತಿಯ ಗಂಡ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ತಾಯಿ ಮಗು ಇಬ್ಬರೂ ಮನೆ ಸೇರಿದ್ದರು. ಡಾಕ್ಟರ್ ರೇಖಾಳ ಕಡೆ ಕೈ ತೋರಿಸಿದರು. ಬಂದವರು ಕಣ್ಣು ತುಂಬಿಕೊಂಡು ಅವಳಿಗೆ ಕೈ ಮುಗಿದರು.

"ನನಗಲ್ಲ ಸಾರ್," ಎಂದಳು ರೇಖಾ. "ನಾನು ಬರೋ ಹೊತ್ತಿಗೆ ದಾನಿಗಳು ಆಗ್ಲೇ ಬಂದಾಗಿತ್ತು. ಕರೆಸಿದ್ದು ಇವಳು. ನಾನು ರಿಪೇರಿ ಮಾಡಿದ್ದು ಆಮೇಲೆ." ನನ್ನ ತೋಳು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು.

ಅವತ್ತು ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾದೀತು. ಹೆಚ್ಚಾಯಿತು. ಬರೀ ಜಾಣೆಯಾಗಿದ್ದರೆ ನಾನೂ ಓದಿ ಕಲಿತು ಅವಳ ಸಮಕ್ಕೆ ಬರುತ್ತಿದ್ದೆನೇನೋ. ಆಮೇಲೆ ಕಲಿತೆ ಕೂಡ. ಆದರೆ ತನಗೆ ಬಂದ ಹೊಗಳಿಕೆಯನ್ನು ಅಷ್ಟು ಸಲೀಸಾಗಿ ಇನ್ನೊಬ್ಬರ ಕೈಗೆ ದಾಟಿಸುವ ಆ ಮನಸ್ಸಿದೆಯಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ.