ನನ್ನ ಗಂಡ ಮತ್ತು ಕ್ಲಚ್ಚಿಲ್ಲದ ಕಾರು

ನನ್ನ ಗಂಡ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಮದುವೆಗೆ ಮೊದಲು ನಾನು ಅದೇ ಬಸ್ಸಿನಲ್ಲಿ ದಿನಾ ಶಾಲೆಗೆ ಹೋಗುತ್ತಿದ್ದೆ. ಹೊಸದಾಗಿ ಟೀಚರ್ ಕೆಲಸ ಸಿಕ್ಕಿತ್ತು. ಎಂಜಿನ್ ಪಕ್ಕದ ಉದ್ದನೆಯ ಸೀಟಿನಲ್ಲಿ ಕೂತರೆ ಅವರ ಎಡಗಾಲು ಕಾಣುತ್ತಿತ್ತು. ಬಾಗಿಲಲ್ಲಿ ಜನ ಜೋತಾಡುವಷ್ಟು ಬಸ್ಸು ತುಂಬಿದ್ದರೂ, ಏರಿನಲ್ಲಿ ಅವರು ಗೇರ್ ಬದಲಿಸಿದ್ದು ನಮ್ಮ ಮೈಗೆ ಗೊತ್ತಾಗುತ್ತಿರಲಿಲ್ಲ. ಕ್ಲಚ್ಚಿನ ಮೇಲೆ ಆ ಕಾಲು ಅಷ್ಟು ಮೆತ್ತಗೆ ಏಳುತ್ತಿತ್ತು, ಕೂರುತ್ತಿತ್ತು. ಆ ಕಾಲನ್ನು ನೋಡಿಯೇ ನಾನು ಮದುವೆಗೆ ಒಪ್ಪಿದ್ದು ಅಂತ ನನ್ನ ತಂಗಿ ಆಮೇಲೆ ತಮಾಷೆ ಮಾಡುತ್ತಿದ್ದಳು. ಅದು ಪೂರ್ತಿ ಸುಳ್ಳಲ್ಲ.

ಬಸ್ಸಿನಲ್ಲಿ ಅಷ್ಟು ಮೆತ್ತಗಿದ್ದ ಮನುಷ್ಯ ಮನೆಯಲ್ಲಿ ಹಾಗಿರಲಿಲ್ಲ. ಹೊಡೆಯುತ್ತಿರಲಿಲ್ಲ. ಮಾತಿನಲ್ಲೇ ಆಗುವ ಕೆಲಸಕ್ಕೆ ಕೈ ಯಾಕೆ ಅನ್ನುವಂಥ ಜಾತಿ. ನನ್ನನ್ನು ಕರೆಯುತ್ತಿದ್ದದ್ದು "ಟೀಚರಮ್ಮಾ" ಅಂತ. ಸಾರಿಗೆ ಉಪ್ಪು ಜಾಸ್ತಿಯಾದ ದಿನವೇ ಆ ಹೆಸರು ಹೆಚ್ಚು ಕೇಳಿಸುತ್ತಿತ್ತು.

ನಾನು ನಿವೃತ್ತಳಾದ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸತ್ತುಹೋದವು. ಮಾತು ಮಾತ್ರ ಒಂದಕ್ಷರವೂ ಹೋಗಲಿಲ್ಲ. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಒಂದು ಡೀಸೆಲ್ ಕಾರು ತರಿಸಿದ್ದು. ಸೆಕೆಂಡ್ ಹ್ಯಾಂಡ್, ಆಟೊಮ್ಯಾಟಿಕ್ ಗೇರ್. ಕ್ಲಚ್ಚೇ ಇಲ್ಲದ ಗಾಡಿಗೆ ಎಡಗಾಲು ಯಾಕೆ ಬೇಕು, ಬಲಗಾಲೊಂದೇ ಸಾಕು, ತಾನೇ ಓಡಿಸುತ್ತೇನೆ ಅನ್ನುವುದು ಅವರ ಲೆಕ್ಕ. ಆದರೆ ತೀರ್ಥಹಳ್ಳಿಯ ಡಾಕ್ಟರು ಅವರ ಮುಖದ ಮುಂದೆ ಬೆರಳು ಆಡಿಸಿ ನೋಡಿ, ಗಾಡಿ ಮುಟ್ಟಲೇಬಾರದು ಅಂದರು. ಅವರ ಎರಡೂ ಕಣ್ಣಿಗೆ ಎಡಗಡೆಯ ಲೋಕ ಬೀಳುತ್ತಿರಲಿಲ್ಲ. ತಟ್ಟೆಯ ಎಡ ಅರ್ಧದ ಅನ್ನವನ್ನು ಅವರು ಬಿಟ್ಟೇಳುತ್ತಿದ್ದುದು ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಹೀಗೆ ಕಾರು ನನ್ನ ಪಾಲಿಗೆ ಬಂತು. ಹೊಸನಗರದ ಮನೆಯಿಂದ ಅವರನ್ನು ತೀರ್ಥಹಳ್ಳಿಗೆ ಕೈಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ತಗೊಂಡೆ. ನಿಜವಾಗಿ ಕಲಿಸಿದ್ದು ಅವರು.

ಕಲಿಸುವ ಕ್ರಮ ಹೀಗಿತ್ತು. ಅವರು ಮುಂದಿನ ಎಡ ಸೀಟಿನಲ್ಲಿ ಕೂರುತ್ತಿದ್ದರು. ಬಲಗೈಯಲ್ಲಿ ಕಂಠಮಟ್ಟ ನೀರು ತುಂಬಿದ ಸ್ಟೀಲಿನ ಲೋಟ. ಗೇರ್ ಬದಲಾಗುವಾಗ ಗಾಡಿ ಕುಲುಕಿ ಲೋಟದ ನೀರು ಚೆಲ್ಲಿದರೆ, ಉಳಿದ ನೀರನ್ನೂ ನನ್ನ ಮಡಿಲಿಗೆ ಎರಚುತ್ತಿದ್ದರು. ಬಾಟಲಿಯಿಂದ ನಾನೇ ಮತ್ತೆ ತುಂಬಿಸಿ ಕೊಡಬೇಕಿತ್ತು.

"ಕಾಲೆತ್ತು ಮಾರಾಯ್ತಿ! ಡೀಸೆಲ್ ಗಾಡಿಗೆ ಎಂಜಿನ್ ನಿಧಾನ ತಿರುಗೋವಾಗಲೇ ಶಕ್ತಿ ಇರೋದು. ಹಿಂಗೆ ತುಳಿದ್ರೆ ಅದು ಕಿರುಚ್ತದೆ ಅಷ್ಟೆ, ಮುಂದೆ ಹೋಗಲ್ಲ."

ಹೇಳುತ್ತಿದ್ದ ಮಾತಿನಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ತಪ್ಪು ಹೇಳುವವರನ್ನು ದ್ವೇಷಿಸುವುದು ಸುಲಭ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಜೋರಾಗಿ ಓಡಿಸಬೇಡ, ಗೇರ್‌ಬಾಕ್ಸಿನ ಆಯಿಲ್ ಬಿಸಿಯಾಗೋವರೆಗೆ ಮೆಲ್ಲಗೆ ಹೋಗು ಅಂದರು. ವೇಗ ಏರುವಾಗ ಆಕ್ಸಿಲರೇಟರಿನ ಮೇಲಿನ ಕಾಲನ್ನು ಕೂದಲೆಳೆಯಷ್ಟು ಸಡಿಲ ಮಾಡಿದರೆ ಗಾಡಿ ತಾನಾಗಿ ಮೇಲಿನ ಗೇರಿಗೆ ಹೋಗುತ್ತದೆ ಅಂದರು. ಓವರ್‌ಟೇಕ್ ಮಾಡುವುದಾದರೆ ತುಳಿದ ಮೇಲೆ ಒಂದು ಗಳಿಗೆ ಅದು ಯೋಚನೆ ಮಾಡುತ್ತದೆ, ಆ ಗಳಿಗೆಯನ್ನು ಲೆಕ್ಕಕ್ಕಿಟ್ಟುಕೊಂಡು ಮೊದಲೇ ತುಳಿ ಅಂದರು. ಬಾಯಿಂದ ಬರುತ್ತಿದ್ದ ವಿದ್ಯೆ ಚಿನ್ನದಂಥದ್ದು, ಮಡಿಲಿಗೆ ಬೀಳುತ್ತಿದ್ದದ್ದು ತಣ್ಣೀರು. ವ್ಯಾಯಾಮದ ಕೋಣೆಯ ಹೊರಗೆ ಕೂತ ಹೆಂಗಸರು "ಮಳೆ ಇಲ್ವಲ್ಲ ಟೀಚರೇ, ಎಂತ ಹಿಂಗೆ ಒದ್ದೆಯಾಗಿದ್ದೀರಿ?" ಅಂತ ಕೇಳುತ್ತಿದ್ದರು. ನಾನು ಉತ್ತರ ಹುಡುಕುವ ಮೊದಲೇ ಒಳಗಿನಿಂದ ಅವರೇ ಗಟ್ಟಿಯಾಗಿ ಹೇಳುತ್ತಿದ್ದರು: "ಗಾಡಿ ಆಟೊಮ್ಯಾಟಿಕ್. ಓಡಿಸೋರು ಅಲ್ಲ. ಅದಕ್ಕೆ!" ಹೆಂಗಸರು ನಗುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು.

ಒಂದು ದಿನ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ತಿರುಗಿಸುವಾಗ, ಮುಂದೆ ಉರುಳುತ್ತಿದ್ದ ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸಿಗೆ ಹಾಕಿಬಿಟ್ಟೆ. ಕೆಳಗಿನಿಂದ ದಡಕ್ ಅಂತ ಸದ್ದು ಬಂತು.

"ಇಳಿ," ಅಂದರು.

"ಎಂತಕ್ಕೆ?"

"ಇಳಿದು ಗಾಡಿಗೆ ಕೈಮುಗಿ. ತಪ್ಪಾಯ್ತು ಅಂತ ಹೇಳು. ಹೇಳದಿದ್ರೆ ನಾನು ಇಲ್ಲಿಂದ ಮನೆಗೆ ಕೋಲೂರಿಕೊಂಡು ನಡ್ಕೊಂಡು ಹೋಗ್ತೀನಿ, ಊರೆಲ್ಲ ನೋಡ್ಲಿ."

ಟೀ ಅಂಗಡಿಯ ಮುಂದೆ ಅವರ ಕಾಲದ ಡ್ರೈವರು, ಕಂಡಕ್ಟರುಗಳು ನಿಂತಿದ್ದರು. ನಾನು ಪಾಠ ಹೇಳಿದ ಮಕ್ಕಳ ಅಪ್ಪಂದಿರೂ ಇದ್ದರು. ಇಳಿದು ಬಾನೆಟ್ಟಿನ ಮುಂದೆ ನಿಂತು ಕೈಮುಗಿದೆ. ಯಾರೂ ನಗಲಿಲ್ಲ. ಕೆಲವರು ಬೆನ್ನು ತಿರುಗಿಸಿ ನಿಂತರು. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆದರೂ ಕಲಿತೆ. ಅವರಿಗೆ ಗೊತ್ತಿಲ್ಲದ್ದೂ ನನ್ನ ಕಾಲಿಗೆ ಹೊಳೆಯತೊಡಗಿತು. ಬಸ್ಸಿನವರಾದ ಅವರು ಆಟೊಮ್ಯಾಟಿಕ್ ಗಾಡಿಯನ್ನು ಒಂದು ದಿನವೂ ಓಡಿಸಿದವರಲ್ಲ. ಲಿವರನ್ನು 'ಡಿ'ಯಲ್ಲಿಟ್ಟು ಸುಮ್ಮನಿರು, ಅದಕ್ಕೆ ನಿನಗಿಂತ ಬುದ್ಧಿ ಇದೆ ಅನ್ನುತ್ತಿದ್ದರು. ತೀರ್ಥಹಳ್ಳಿ ರಸ್ತೆಯ ಏರು ತಿರುವುಗಳಲ್ಲಿ ಹಾಗೆ ಬಿಟ್ಟರೆ ಗಾಡಿ ಮೂರೋ ನಾಲ್ಕೋ ಅಂತ ತಡವರಿಸುತ್ತಿತ್ತು. ಮೇಲೆ ಹೋಗಿ ಸೋಲುವುದು, ಮತ್ತೆ ಕೆಳಗೆ ಬಂದು ಕಿರುಚುವುದು. ತಿರುವು ಇನ್ನೂ ದೂರ ಇರುವಾಗಲೇ ಲಿವರನ್ನು ಪಕ್ಕಕ್ಕೆ ಎಳೆದು ಮೈನಸ್ ಗುರುತಿನ ಕಡೆಗೆ ಒಂದು ಸಲ ತಟ್ಟಿದರೆ, ಒಂದು ಗೇರ್ ಇಳಿದು, ಅದನ್ನೇ ಹಿಡಿದುಕೊಂಡು ತಿರುವನ್ನು ಒಂದೇ ಉಸಿರಿನಲ್ಲಿ ಹತ್ತುತ್ತದೆ ಅನ್ನುವುದನ್ನು ನಾನೇ ಕಂಡುಕೊಂಡೆ. ಇಳಿಜಾರಿನಲ್ಲೂ ಹಾಗೆಯೇ ಮಾಡಿದೆ. ಬ್ರೇಕಿಗೆ ಕೆಲಸವೇ ಇರುತ್ತಿರಲಿಲ್ಲ.

ಮೊದಲ ಸಲ ಹಾಗೆ ಮಾಡಿದ ದಿನ ಲೋಟದ ನೀರು ಅಲುಗಲಿಲ್ಲ. ತೀರ್ಥಹಳ್ಳಿ ಬರುವವರೆಗೂ ಅಲುಗಲಿಲ್ಲ. ಕಾರು ನಿಲ್ಲಿಸಿ ಅವರ ಮುಖ ನೋಡಿದೆ. ನನಗೂ ಒಂದು ಒಳ್ಳೆಯ ಮಾತಿನ ಆಸೆ ಇರಲಿಲ್ಲವೇ? ಅವರು ಲೋಟವನ್ನು ನಿಧಾನವಾಗಿ ಮೇಲೆತ್ತಿ ಎಲ್ಲ ನೀರನ್ನೂ ನನ್ನ ತಲೆಯ ಮೇಲೆ ಸುರಿದರು.

"ಸೆಕೆ ಅಲ್ವಾ," ಅಂದರು.

ಅದಾದ ಮೇಲೆ ಲೋಟ ತರುವುದನ್ನೇ ಬಿಟ್ಟರು. ದಾರಿಯುದ್ದಕ್ಕೂ ಮಾತಿಲ್ಲ. ನಾನು ಚೆನ್ನಾಗಿ ಓಡಿಸಿದಷ್ಟೂ ಅವರ ಮುಖ ಗಂಟಾಗುತ್ತಿತ್ತು. ಕಾರ್ಗಲ್‌ನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು "ಅಪ್ಪನ ಸ್ವಭಾವ ನಿಂಗೆ ಹೊಸದಾ ಅಮ್ಮ? ಸುಮ್ನೆ ಇದ್ದಾರಲ್ಲ, ಅಷ್ಟೇ ಪುಣ್ಯ" ಅಂದಳು.

ಹೀಗಿರುವಾಗ ಒಂದು ಬೆಳಗ್ಗೆ ತೀರ್ಥಹಳ್ಳಿ ಕಡೆಗಿನ ಉದ್ದ ಏರಿನಲ್ಲಿ ಮರದ ಲಾರಿಯೊಂದು ಮುಂದೆ ತೆವಳುತ್ತಿತ್ತು. ರಸ್ತೆ ದೂರದವರೆಗೆ ಖಾಲಿ ಕಾಣುತ್ತಿತ್ತು. ಗೇರ್ ಇಳಿಸಿಕೊಂಡು ಬಲಕ್ಕೆ ಬಂದೆ. ಕಾರು ಚೆನ್ನಾಗಿ ಎಳೆಯಿತು. ಲಾರಿಯ ಅರ್ಧ ದಾಟಿದ್ದೆ. ಆಗ ಎಂಜಿನ್ ಒಮ್ಮೆಲೇ ಬೊಬ್ಬೆ ಹೊಡೆಯಿತು. ಕಾರು ಮಾತ್ರ ಮುಂದೆ ಹೋಗಲಿಲ್ಲ. ಎಷ್ಟು ತುಳಿದರೂ ಸದ್ದು ಏರುತ್ತಿತ್ತು, ವೇಗ ಇಳಿಯುತ್ತಿತ್ತು. ಏರಿನ ನೆತ್ತಿಯಲ್ಲಿ ಬಸ್ಸೊಂದು ಕಾಣಿಸಿತು.

ಕೆಳಗೆ ನೋಡಿದೆ. ಲಿವರ್ ನ್ಯೂಟ್ರಲ್‌ನಲ್ಲಿತ್ತು. ಅದರ ಮೇಲೆ ಅವರ ಬಲಗೈ ಇತ್ತು.

ಆ ಕೈಯ ಮೇಲೆ ಹೊಡೆದೆ. ಬಿಡಲಿಲ್ಲ. ಬ್ರೇಕ್ ಒತ್ತಿದೆ. ಪಕ್ಕದ ಲಾರಿ ಮುಂದೆ ಸರಿಯಿತು, ಬಸ್ಸಿನವನು ಹಾರ್ನ್ ಒತ್ತಿಕೊಂಡೇ ತನ್ನ ಎಡಬದಿಯ ಮಣ್ಣಿಗೆ ಇಳಿದು ನಿಂತ. ನಾನು ಅಷ್ಟರಲ್ಲಿ ಹೇಗೋ ಲಾರಿಯ ಹಿಂದೆ ನುಸುಳಿಕೊಂಡೆ. ಬಸ್ಸು ನಮ್ಮನ್ನು ದಾಟುವಾಗ ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿದ. ನನ್ನ ಗಂಡನ ಕೈಕೆಳಗೆ ಕೆಲಸ ಕಲಿತವನೇ.

ಅವರ ಕೈ ತಳ್ಳಿ ಲಿವರನ್ನು ಮತ್ತೆ 'ಡಿ'ಗೆ ಎಳೆದೆ. ಅವರು ನಗುತ್ತಿದ್ದರು.

"ತುಳಿತಾ ಇದ್ದಿ, ತುಳಿತಾ ಇದ್ದಿ, ಆದ್ರೆ ಹೋಗ್ತಾ ಇಲ್ಲ. ಅಲ್ವಾ? ಕಾಲು ಸತ್ತುಹೋಗೋದು ಅಂದ್ರೆ ಹೆಂಗಿರ್ತದೆ ಅಂತ ಈಗ ಗೊತ್ತಾಯ್ತಾ ಟೀಚರಮ್ಮಾ?"

ಏರು ಮುಗಿದ ಮೇಲೆ ಅಗಲವಾದ ಜಾಗದಲ್ಲಿ ಕಾರು ನಿಲ್ಲಿಸಿ, ಅವರ ಬಾಗಿಲು ತೆಗೆದೆ.

"ಹಿಂದೆ ಕೂತ್ಕೊಳ್ಳಿ."

"ನಾನಾ? ಹಿಂದೆಯಾ?" ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಹುಟ್ಟಿ ಬುದ್ಧಿ ಬಂದಾಗಿನಿಂದ ಯಾವ ಗಾಡಿಯಲ್ಲೂ ಹಿಂದೆ ಕೂತವರಲ್ಲ ಅವರು.

"ಇಲ್ಲಾಂದ್ರೆ ಇಲ್ಲೇ ಇರಿ. ನಿಮ್ಮ ಬಸ್ಸು ವಾಪಸ್ ಬರ್ತದೆ, ಹತ್ಕೊಂಡು ಹೋಗಿ."

ಅವರು ಇಳಿದರು. ಕೋಲೂರಿ, ಸತ್ತ ಕಾಲನ್ನು ಎಳೆಯುತ್ತ, ಹಿಂದಿನ ಬಾಗಿಲಿನವರೆಗೆ ಬರಲು ಬಹಳ ಹೊತ್ತು ತಗೊಂಡರು. ದಿನಾ ಹೆಗಲು ಕೊಡುತ್ತಿದ್ದ ನಾನು ಅವತ್ತು ಕೈಕಟ್ಟಿ ನಿಂತು ನೋಡಿದೆ. ಒಳಗೆ ಕೂರುವಾಗ ಆಯ ತಪ್ಪಿ ಸೀಟಿನ ಮೇಲೆ ಮುಖ ಅಡಿಯಾಗಿ ಬಿದ್ದರು. ಅವರೇ ಎದ್ದು ಕೂತರು. ನನಗೆ ಮರುಕ ಬರಲಿಲ್ಲ. ಈಗಲೂ ಬಂದಿಲ್ಲ.

ಅಲ್ಲಿಂದ ಮುಂದೆ ಅವರ ಜಾಗ ಹಿಂದಿನ ಎಡ ಸೀಟು. ಎಡಗಡೆಯ ಕಿಟಕಿ ಅವರ ಕಣ್ಣಿಗೆ ಬೀಳುವುದಿಲ್ಲ. ಬಲಕ್ಕೆ ನನ್ನ ಸೀಟಿನ ಬೆನ್ನು. ರಸ್ತೆ ಅವರ ಪಾಲಿಗೆ ಮುಗಿಯಿತು. ಕಿವಿ ಮಾತ್ರ ಇತ್ತು. ಗೇರ್ ಹೇಗೆ ಬದಲಾಯಿತು ಅಂತ ಅವರು ಸದ್ದಿನಿಂದಲೇ ಹೇಳಬಲ್ಲರು. ಅದು ನನಗೆ ಗೊತ್ತಿತ್ತು. ಹಾಗಾಗಿ ಕೆಲವು ದಿನ ಏರಿನಲ್ಲಿ ಬೇಕಂತಲೇ ಜೋರಾಗಿ ತುಳಿದು, ಗಾಡಿಯನ್ನು ಎರಡನೇ ಗೇರಿನಲ್ಲೇ ಕಿರುಚಿಸುತ್ತಿದ್ದೆ.

"ಕಾಲೆತ್ತು," ಅನ್ನುತ್ತಿದ್ದರು ಹಿಂದಿನಿಂದ. ನಾನು ಎತ್ತುತ್ತಿರಲಿಲ್ಲ.

"ಕಾಲೆತ್ತೇ, ಗಾಡಿ ಪಾಪ."

ಅವರ ಬಾಯಿಂದ ಪಾಪ ಅನ್ನುವ ಮಾತು ನಾನು ಮೊದಲ ಸಲ ಕೇಳಿದ್ದು ಆಗಲೇ.

ಬಸ್ಸನ್ನು ಮಣ್ಣಿಗಿಳಿಸಿ ನಮ್ಮನ್ನು ಉಳಿಸಿದ ಆ ಡ್ರೈವರ್ ಒಂದು ಭಾನುವಾರ ಮನೆಗೆ ಬಂದ. ಅವನಿಗೆ ಮಂಡಿ ನೋವು ಶುರುವಾಗಿತ್ತು. ಮನೆಗೊಂದು ಆಟೊಮ್ಯಾಟಿಕ್ ಕಾರು ತಗೊಳ್ಳುವ ಯೋಚನೆಯಲ್ಲಿದ್ದ. "ಅಣ್ಣ, ನೀವು ಹೇಳ್ಕೊಡ್ರಿ, ಅದನ್ನ ಹೆಂಗೆ ಓಡಿಸಿದ್ರೆ ಒಳ್ಳೇದು?" ಅಂದ. ಬಹಳ ದಿನದ ಮೇಲೆ ಗುರುವಿನ ಮುಖದಲ್ಲಿ ಕಳೆ ಬಂತು. ಒಳಗೆ ಟೀ ಮಾಡುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಆಯಿಲ್ ಬಿಸಿಯಾಗುವುದು, ಕಾಲು ಸಡಿಲ ಮಾಡುವುದು ಎಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ, "ಒಂದು ವಿಷಯ ಯಾರಿಗೂ ಗೊತ್ತಿಲ್ಲ. ಏರು ತಿರುವಿಗೆ ಮೊದ್ಲೇ ಮೈನಸ್‌ಗೆ ತಟ್ಟಬೇಕು. ಅದನ್ನ ನಾನೇ ಕಂಡ್ಹಿಡಿದಿದ್ದು" ಅಂದರು.

"ಅವತ್ತು ಏರಲ್ಲಿ ಎಂತ ಆಗಿತ್ತು ಅಣ್ಣ? ನಂಗೆ ಜೀವವೇ ಹೋಗಿತ್ತು ಮಾರಾಯ್ರೆ."

"ಅವಳದ್ದೇ. ಕೈತಪ್ಪಿ ನ್ಯೂಟ್ರಲ್‌ಗೆ ಹೋಯ್ತು. ಹೆಂಗಸರ ಡ್ರೈವಿಂಗು."

ನಾನು ಟೀ ತಂದು ಅವನ ಮುಂದಿಟ್ಟೆ. "ಹೌದು, ಕೈಯಿಂದಲೇ ಹೋಗಿದ್ದು. ಆದ್ರೆ ಕೈ ನಂದಲ್ಲ," ಅಂದೆ. "ಕೇಳಿ ನೋಡಿ ನಿಮ್ಮ ಅಣ್ಣನ್ನ."

ಅವನು ಅವರ ಬಲಗೈ ನೋಡಿದ. ಅವರು ಅದನ್ನು ಮೆಲ್ಲಗೆ ಪಂಚೆಯೊಳಗೆ ಸೇರಿಸಿಕೊಂಡರು. ಅವತ್ತು ತನ್ನ ಬಸ್ಸಿನ ತುಂಬ ಜನ ಇದ್ದರು ಅಂತ ಅವನಿಗೆ ನೆನಪಾಗಿರಬೇಕು. ಟೀ ಕುಡಿಯಲಿಲ್ಲ. "ಬರ್ತೀನಿ ಅತ್ತಿಗೆ" ಅಂತ ನನಗೊಬ್ಬಳಿಗೇ ಹೇಳಿ ಎದ್ದುಹೋದ. ಅವರನ್ನು ನೋಡಲು ಬರುತ್ತಿದ್ದ ಹಳೆಯ ಜನರಲ್ಲಿ ಉಳಿದಿದ್ದವನು ಅವನೊಬ್ಬ. ಆಮೇಲೆ ಬರಲಿಲ್ಲ.

ಮೊನ್ನೆ ಮಗಳ ಮನೆಗೆ ಹೊರಟೆವು. ಹೊಸನಗರದಿಂದ ಸಾಗರ ದಾಟಿ ಕಾರ್ಗಲ್‌ಗೆ. ಸಾಗರದವರೆಗೆ ಅವರು ಬಸ್ಸು ಓಡಿಸಿದ ಹಳೆಯ ದಾರಿ. ನಾನು ಹಿಂದಿನ ಬಾಗಿಲು ತೆಗೆದು ನಿಂತಿದ್ದೆ. ಅವರು ಮುಂದಿನ ಬಾಗಿಲ ಹತ್ತಿರವೇ ನಿಂತುಬಿಟ್ಟರು.

"ಇವತ್ತೊಂದಿನ ಮುಂದೆ ಕೂರ್ತೀನಿ."

"ಆಗಲ್ಲ."

"ಸಾಗರ ರಸ್ತೆ ನೋಡಿ ಎಷ್ಟು ಕಾಲ ಆಯ್ತು." ಅವರ ದನಿಯಲ್ಲಿ ಕೋಪವಿರಲಿಲ್ಲ. "ಬೇಕಾದ್ರೆ ಕೈ ಕಟ್ಟಿಹಾಕು."

ಹೆಗಲ ಮೇಲಿದ್ದ ಟವೆಲನ್ನು ಅವರೇ ತೆಗೆದು ಕೊಟ್ಟರು. ನಾನು ಹಾಗೆಲ್ಲ ಬೇಡ ಅನ್ನುತ್ತೇನೆ ಅಂತ ಅವರು ಎಣಿಸಿರಬೇಕು. ಅವರನ್ನು ಮುಂದೆ ಕೂರಿಸಿ, ಬೆಲ್ಟ್ ಹಾಕಿ, ಬಲಗೈಯನ್ನು ಸತ್ತ ಎಡಗೈಗೆ ಸೇರಿಸಿ ಕಟ್ಟಿದೆ. ಗಂಟು ಬಿಗಿಯಾಗಿಯೇ ಹಾಕಿದೆ.

ಅವತ್ತು ನಾನು ಬಹಳ ಚೆನ್ನಾಗಿ ಓಡಿಸಿದೆ. ಮೊದಲ ತಿರುವಿನ ಹತ್ತಿರ ಅವರು "ಈಗ ಮೈ..." ಅಂತ ಬಾಯಿ ತೆರೆದರು. ನಾನು ಆಗಲೇ ತಟ್ಟಿದ್ದೆ. ಸಾಗರದ ಪೇಟೆಯೊಳಗೆ ಬಂದಾಗ ಪರಿಚಯದವರು ಯಾರೋ ಕೈಯೆತ್ತಿದರು. ಇವರು ವಾಪಸ್ ಕೈಯೆತ್ತಲು ಹೋದಾಗ ಎರಡೂ ಕೈ ಒಟ್ಟಿಗೆ ಎದ್ದು, ಹಾಗೇ ಮಡಿಲಿಗೆ ಬಿದ್ದವು.

ಮಗಳು ಕಾರಿನ ಬಾಗಿಲು ತೆಗೆದವಳು ಟವೆಲ್ ನೋಡಿ ಗಾಬರಿಯಾದಳು. "ಅಮ್ಮ, ಇದೆಂತ ಇದು?"

"ನಿಮ್ಮಪ್ಪನ್ನೇ ಕೇಳು," ಅಂದೆ.

ಅವರು ಮಗಳ ಮುಖ ನೋಡಲಿಲ್ಲ. "ನಾನೇ ಹೇಳಿದ್ದು," ಅಂದರು.

ಅವಳು ಗಂಟು ಬಿಚ್ಚಿ, ಅಪ್ಪನ ಮಣಿಕಟ್ಟಿನ ಕೆಂಪು ಗೆರೆಗೆ ಎಣ್ಣೆ ಹಚ್ಚಿದಳು. ಸಂಜೆ ವಾಪಸ್ ಹೊರಡುವಾಗ "ಅಪ್ಪನ್ನ ಇವತ್ತು ಇಲ್ಲೇ ಬಿಡು" ಅಂದಳು. ನಾನು ಆಗಲಿ ಅಂದೆ. ಒಪ್ಪದವರು ಅವರೇ. ಕೋಲೂರಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತು, ಟವೆಲನ್ನು ತೊಡೆಯ ಮೇಲೆ ಹರವಿಕೊಂಡು, ಸತ್ತ ಕೈಯನ್ನು ಬಲಗೈಯಿಂದ ಎತ್ತಿ ಅದರ ಮೇಲಿಟ್ಟು, ಎರಡನ್ನೂ ನನ್ನ ಕಡೆಗೆ ಮುಂದೆ ಮಾಡಿದರು.