ಮಿಷನ್ ಸರಿಯಿಲ್ಲವೆಂದ ಕಾಲರಕ್ಕ

ಅಂಗಿಗೆ ಕಾಲರ್ ಕೂರಿಸುವುದು ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರ ಕೈಗೂ ಒಗ್ಗುವ ಕೆಲಸವಲ್ಲ. ಕುತ್ತಿಗೆಯ ಸುತ್ತಳತೆಗೂ ಕಾಲರಿನ ಉದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು, ಅಂಗಿ ಸೊಟ್ಟ ಮೋರೆ ಹಾಕಿಕೊಂಡು ಕೂರುತ್ತದೆ. ಈ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದ ಒಬ್ಬರಿಗೆ ಅವರ ಹೊಲಿಗೆ ಸಾಲಿನಲ್ಲಿ ಕಾಲರಕ್ಕ ಎಂದೇ ಹೆಸರು ಬಿದ್ದಿತ್ತು. ತೋಳು ಹಚ್ಚುವವರು, ಗುಂಡಿ ಹಾಕುವವರು, ಎಲ್ಲರೂ ಅವರ ಕೈಯಿಂದ ಅಂಗಿ ಮುಂದಕ್ಕೆ ಬರುವುದನ್ನು ಕಾಯಬೇಕು. "ನಾನು ಕೆಮ್ಮಿದ್ರೆ ಇಡೀ ಲೈನ್ ಕೆಮ್ಮಬೇಕು, ಹಾಗಿತ್ತು," ಎಂದು ಆ ದಿನಗಳನ್ನು ನೆನೆದು ಅವರು ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ತಗಡಿನ ಮಾಡಿನ ಆ ಉದ್ದನೆಯ ಹಾಲಿನಲ್ಲಿ ನೂರಾರು ಮೋಟಾರುಗಳು ಒಟ್ಟಿಗೆ ಗುಡುಗುವುದರಿಂದ ತನ್ನ ಮಿಷನ್ನಿನ ಸದ್ದು ತನಗೇ ಕೇಳಿಸುವುದಿಲ್ಲ. ಹೀಗಾಗಿ ಅಲ್ಲಿಯ ಹೆಂಗಸರು ಮಿಷನ್ನಿನ ಆರೋಗ್ಯವನ್ನು ಮೈಯಿಂದಲೇ ತಿಳಿಯುತ್ತಾರೆ. ಬೆಲ್ಟು ಸಡಿಲವಾದರೆ ಪಾದಕ್ಕೆ ಗೊತ್ತಾಗುತ್ತದೆ, ಸೂಜಿ ಮೊಂಡಾದರೆ ಬೆರಳಿಗೆ. ಒಳಗಿನ ತಿರುಪು ಕಳಚಿಕೊಂಡರೆ ಮೇಜಿಗೆ ಊರಿದ ಮೊಣಕೈಯಿಂದ ಎದೆಯವರೆಗೂ ಒಂದು ನಡುಕ ಹತ್ತುತ್ತದೆ. ಕಾಲರಕ್ಕನಿಗೆ ಆಗ ನಲವತ್ತಾರು ವರ್ಷ. ಮಿಷನ್ ಹೊಡೆದುಕೊಳ್ಳುತ್ತಿದೆ ಎಂದು ಅವರು ಮೆಕ್ಯಾನಿಕ್ಕನ್ನು ಕರೆದದ್ದು ಈ ಲೆಕ್ಕದಲ್ಲಿಯೇ.

ಮೆಕ್ಯಾನಿಕ್ ಬಿಚ್ಚಿ ನೋಡಿದ, ಎಣ್ಣೆ ಬಿಟ್ಟ, ಒರೆಸಿ ಮುಚ್ಚಿದ.

"ಅಕ್ಕಾ, ಮಿಷನ್ ಹೂವಿನ ಹಾಗಿದೆ. ಬೇಕಾದ್ರೆ ನೀವೇ ತುಳಿದು ನೋಡಿ."

"ಹೂವೂ ಇಲ್ಲ, ಕಾಯೂ ಇಲ್ಲ. ನಡುವೆ ಒಂದು ಹೊಡೆತ ತಪ್ಪುತ್ತೆ ಕಣಪ್ಪಾ. ಆಮೇಲೆ ದಬಕ್ ಅಂತ ಎರಡು ಒಟ್ಟಿಗೆ ಬರುತ್ತೆ. ಅದಾದ್ಮೇಲೆ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡುತ್ತೆ."

"ನಿಮ್ಮ ಕಾಲೇ ಓಡ್ತಿರ್ಬೇಕು, ಟಾರ್ಗೆಟ್ ಹಾಗಿದೆ," ಎಂದ ಆತ. ಆದರೂ ಬೆಲ್ಟು ಬದಲಾಯಿಸಿದ. ಮತ್ತೆ ಕರೆದಾಗ ಮೋಟಾರು ಬದಲಾಯಿಸಿದ. ಕೊನೆಗೆ ಹೊಸದೊಂದು ಮಿಷನ್ನನ್ನೇ ತಂದಿಟ್ಟು, "ಇದೂ ಬಡ್ಕೊಂಡ್ರೆ ಇನ್ನು ನನ್ನನ್ನೇ ಬದಲಾಯಿಸ್ಬೇಕು," ಎಂದು ಕೈ ಝಾಡಿಸಿಕೊಂಡು ಹೋದ. ಆ ಮಿಷನ್ನೂ ಬಡಿದುಕೊಂಡಿತು.

ಉಳಿದ ತೊಂದರೆಗಳಿಗೂ ಅವರು ಕಾರ್ಖಾನೆಯಲ್ಲಿಯೇ ಕಾರಣ ಹುಡುಕಿಕೊಂಡಿದ್ದರು. ಕತ್ತಿನಿಂದ ನೆತ್ತಿಗೆ ಇದ್ದಕ್ಕಿದ್ದಂತೆ ಕಾವು ಏರಿ, ರವಿಕೆ ತೊಯ್ದುಹೋದರೆ ಅದು ತಗಡಿನ ಬಿಸಿ. ಬೆಳಗ್ಗೆ ಎದ್ದಾಗ ಬೆರಳ ಗೆಣ್ಣುಗಳು ಮಡಚದಿದ್ದರೆ ಅದು ಕಾಲರಿನೊಳಗೆ ಇಡುವ ದಪ್ಪ ಬಟ್ಟೆಯ ಪ್ರಭಾವ. ನಿದ್ದೆ ಹರಿದು ಚಿಂದಿಯಾಗುತ್ತಿದ್ದುದಕ್ಕೆ ಸೂಪರ್‌ವೈಸರನ ಬೈಗುಳ ಕಾರಣ. ಮುಟ್ಟು ಒಂದು ತಿಂಗಳು ಬಂದು ಎರಡು ತಿಂಗಳು ತಲೆಮರೆಸಿಕೊಳ್ಳುತ್ತಿದ್ದುದನ್ನು ಮಾತ್ರ ಅವರು ಯಾವುದಕ್ಕೂ ಜೋಡಿಸಿರಲಿಲ್ಲ. ಮನೆಯಲ್ಲಿ ಫ್ಯಾನಿನ ವಿಷಯಕ್ಕೆ ದಿನಾ ಜಗಳ. "ನೀನು ಬೆಂಕಿ, ನಾನು ನೀರು ಅಂತ ಮದುವೆಗೆ ಮುಂಚೆ ಯಾರೂ ಹೇಳ್ಲಿಲ್ಲ," ಎಂದು ಗಂಡ ರಗ್ಗು ಹೊದ್ದುಕೊಂಡು ಹಜಾರಕ್ಕೆ ಹೋಗಿ ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೋಟಾರುಗಳು ಒಂದರ ಹಿಂದೊಂದು ಉಸಿರು ಬಿಟ್ಟು ಸುಮ್ಮನಾದವು. ಹಾಲಿನ ಆ ತುದಿಯಲ್ಲಿ ಯಾರೋ ಆಕಳಿಸಿದ್ದು ಈ ತುದಿಗೆ ಕೇಳಿಸಿತು. ಕಾಲರಕ್ಕನ ಅಂಗೈ ಮೇಜಿನ ಮೇಲೆಯೇ ಇತ್ತು. ಮೇಜು ನಿಶ್ಚಲವಾಗಿತ್ತು, ಬಡಿತ ಮಾತ್ರ ನಡೆದೇ ಇತ್ತು.

"ಪಾಪ, ಅಷ್ಟು ದಿನ ಆ ಮೆಕ್ಯಾನಿಕ್ ಕೈಲಿ ನನ್ನ ಎದೇನ ರಿಪೇರಿ ಮಾಡಿಸ್ತಿದ್ದೆ," ಎಂದು ಅವರು ಈಗ ಹೇಳುತ್ತಾರೆ. ಆ ಗಳಿಗೆಯಲ್ಲಿ ಅವರಿಗೆ ನಗು ಬಂದಿರಲಿಲ್ಲ. ಸಾಯುವ ಭಯಕ್ಕಿಂತ ಮೊದಲು ಎದುರಿಗೆ ಬಂದು ನಿಂತದ್ದು ದಾರ ಕತ್ತರಿಸುವ ಟೇಬಲ್ಲು. ಸಾಲಿನ ಕೊನೆಯಲ್ಲಿ ಹೊಲಿದ ಅಂಗಿಗಳ ಉಳಿದ ದಾರವನ್ನು ನಿಂತುಕೊಂಡು ಕತ್ತರಿಸುವ ಸ್ಥಳ ಅದು. ಹಿಂದೊಮ್ಮೆ ತಲೆಸುತ್ತಿ ಬಿದ್ದ ಜೇಬು ಹೊಲಿಯುವ ಟೇಲರೊಬ್ಬರನ್ನು ಸೂಪರ್‌ವೈಸರ್ "ಸ್ವಲ್ಪ ದಿನ ಅಷ್ಟೇ" ಎಂದು ಅಲ್ಲಿಗೆ ಕಳಿಸಿದ್ದ. ಅವರು ಮತ್ತೆ ಮಿಷನ್ನಿನ ಮೇಲೆ ಕೂರಲೇ ಇಲ್ಲ. ಅವರನ್ನು ಟೇಲರ್ ಎಂದು ಕರೆಯುವುದನ್ನೂ ಜನ ಬಿಟ್ಟರು. ಆದ್ದರಿಂದ ಕಾಲರಕ್ಕ ಬಾಯಿ ಹೊಲಿದುಕೊಂಡರು. ಎದೆ ಓಡತೊಡಗಿದಾಗ ಕೆಳಗೆ ಬಿದ್ದ ದಾರದ ಬಾಬಿನ್ ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿ ಉಸಿರು ಹಿಡಿದು ಕೂರುವುದನ್ನು ಕಲಿತರು.

ಇದನ್ನು ಕಂಡುಹಿಡಿದದ್ದು ಪಕ್ಕದ ಮಿಷನ್ನಿನಲ್ಲಿ ತೋಳಿನ ತುದಿಯ ಕಫ್ ಪಟ್ಟಿ ಹೊಲಿಯುತ್ತಿದ್ದ ಟೇಲರ್. ಕಾಲರಕ್ಕನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದ ಅವಳನ್ನು ಸಾಲಿನವರು ಕಫ್‌ತಂಗಿ ಎನ್ನುತ್ತಿದ್ದರು.

"ಅಕ್ಕಾ, ನಿಮ್ಮ ಬಾಬಿನ್ ದಿನಕ್ಕೆ ಎಷ್ಟು ಸಲ ಬೀಳುತ್ತೆ? ಮೊಟ್ಟೆ ಇಡ್ತಾ ಇದೆಯಾ ಅಲ್ಲಿ?"

"ನಿನ್ನ ಕೆಲಸ ನೋಡ್ಕೊಳ್ಳೇ."

"ಮುಖ ನೋಡಿದ್ರೆ ಉಪ್ಪು ಬಿಳುಪು. ಸಂಜೆ ನನ್ನ ಜೊತೆ ಬರ್ತೀರೋ, ಇಲ್ಲ ಈಗ್ಲೇ ಕೂಗಿ ಹೇಳ್ಲೋ?"

ಹೀಗೆ ಹೆದರಿಸಿಯೇ ಅವಳು ಕರೆದೊಯ್ದಳು. ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ತೆಗೆಸಿ, ರಕ್ತದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಬರೆದರು. ಮುಟ್ಟಿನ ಬಗ್ಗೆ ಕೇಳಿದಾಗ ಕಾಲರಕ್ಕ, "ಎದೆ ತೋರಿಸೋಕೆ ಬಂದ್ರೆ ಇವರು ಎಲ್ಲಿಗೋ ಹೋಗ್ತಾರಲ್ಲ," ಎಂದು ಕಫ್‌ತಂಗಿಯ ಕಡೆ ನೋಡಿದರಂತೆ.

"ಎರಡೂ ಒಂದೇ ಮನೇವು ಅಮ್ಮಾ," ಎಂದರು ಡಾಕ್ಟರಮ್ಮ. "ಮುಟ್ಟು ನಿಲ್ಲೋಕೆ ಮುಂಚೆ ಕೆಲವು ವರ್ಷ ಮೈಯೊಳಗಿನ ಹಾರ್ಮೋನು ಏರುತ್ತೆ, ಇಳಿಯುತ್ತೆ. ಬಿಸಿ ಹತ್ತೋದು, ಬೆವರು, ನಿದ್ದೆ ಕೆಡೋದು, ಕೀಲು ನೋವು, ಎದೆ ಓಡೋದು ಎಲ್ಲಾ ಅದರಿಂದ ಆಗ್ಬಹುದು. ಆದ್ರೆ ವಯಸ್ಸಾಯ್ತು, ಇದೇ ಇರ್ಬೇಕು ಅಂತ ನಾನು ಸುಮ್ನೆ ಕಳಿಸಲ್ಲ. ಒಂದು ಹಗಲು ಒಂದು ರಾತ್ರಿ ಎದೆಬಡಿತ ಬರ್ಕೊಳ್ಳೋ ಯಂತ್ರ ಕಟ್ಟಿಕೊಂಡಿರಿ. ಮನೇಲಿ ಮಲಗ್ಬೇಡಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ."

ದಿನವೂ ಮಾಡುವುದೆಂದರೆ ಕಾಲರ್ ಹೊಲಿಯುವುದು. ತಂತಿಗಳನ್ನು ರವಿಕೆಯೊಳಗೆ ಸೇರಿಸಿ, ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಬಿಗಿದುಕೊಂಡು ಅವರು ಮರುದಿನ ಕೂತರು. ಊಟದ ಬಿಡುವಿಗೆ ಮೊದಲು ಕಾವು ಏರಿತು. ತಡೆಯಲಾರದೆ ಸೆರಗು ಸಡಿಲಿಸಿದರು. ಸೂಪರ್‌ವೈಸರ್ ಹಿಂದೆಯೇ ನಿಂತಿದ್ದ, ಸೊಂಟದ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು.

ಆತ ಬೈಯಲಿಲ್ಲ, ಬೈದಿದ್ದರೆ ತಿರುಗಿ ಹೇಳಬಹುದಿತ್ತು. "ಅಯ್ಯೋ, ಹಾರ್ಟ್ ಪ್ರಾಬ್ಲಮ್ಮಾ? ಹೇಳ್ಬಾರ್ದಾ? ಬನ್ನಿ, ಅಲ್ಲಿ ಹಗುರದ ಕೆಲಸ ಇದೆ," ಎಂದು ದಾರದ ಟೇಬಲ್ಲಿಗೆ ಕರೆದೊಯ್ದ. ಕಾಲರಿನ ಮಿಷನ್ನಿಗೆ ಕಫ್‌ತಂಗಿಯನ್ನು ಕೂರಿಸಿದ.

ಯಂತ್ರದ ವರದಿ ಬರುವವರೆಗೆ ಅವರು ಕತ್ತರಿ ಹಿಡಿದು ನಿಂತರು. ಕಾಲು ಬಾತುಕೊಂಡಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಸಾಲಿನಿಂದ ಬರುತ್ತಿದ್ದ ಅಂಗಿಗಳಿಗೆ ತಂಗಿ ಕೂರಿಸಿದ ಕಾಲರುಗಳು ಸರಿಯಾಗಿಯೇ ಇದ್ದವು ಎಂಬುದು. "ಒಂದಾದ್ರೂ ಸೊಟ್ಟ ಬರ್ಲಿ ಅಂತ ಹುಡುಕ್ತಿದ್ದೆ," ಎಂದರು ಅವರು. "ಬರ್ಲಿಲ್ಲ." ತಂಗಿ ಮಾತಾಡಿಸಲು ಬಂದಾಗಲೆಲ್ಲ ಇವರು ಮುಖ ತಿರುಗಿಸಿದರು.

ವರದಿಯಲ್ಲಿ ಅಲ್ಲಲ್ಲಿ ಹೆಚ್ಚಿಗೆ ಬಿದ್ದ ಬಡಿತಗಳಿದ್ದವು, ಅಪಾಯದ್ದು ಯಾವುದೂ ಇರಲಿಲ್ಲ. ರಕ್ತವೂ ಥೈರಾಯ್ಡೂ ಸರಿಯಿದ್ದುದರಿಂದ ಇದು ಮುಟ್ಟು ನಿಲ್ಲುವ ಕಾಲದ್ದೇ ಎಂದಾಯಿತು. ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ ಕಾಯದೆ ಬರಬೇಕೆಂದೂ, ಕಾವಿಗೆ ಬೇಕಾದರೆ ಔಷಧಿ ಇದೆಯೆಂದೂ ಡಾಕ್ಟರಮ್ಮ ಹೇಳಿದರು. ಆ ವರದಿ ಹಿಡಿದು ಕಾಲರಕ್ಕ ನೇರವಾಗಿ ಸೂಪರ್‌ವೈಸರನ ಮುಂದೆ ನಿಂತರು.

"ಎದೆ ರೋಗ ಅಲ್ಲ ಸರ್. ಮುಟ್ಟು ನಿಲ್ಲೋ ಕಾಲ."

ಆತ ಸೂರಿನ ತಗಡು ನೋಡತೊಡಗಿದ. "ಅದೆಲ್ಲ ನನ್ನ ಹತ್ರ ಯಾಕಮ್ಮಾ?"

"ಹಾರ್ಟ್ ಪ್ರಾಬ್ಲಮ್ ಅಂತ ಲೈನಿಗೆಲ್ಲ ಸಾರಿದ್ದು ನೀವು. ಅಲ್ಲ ಅನ್ನೋದನ್ನೂ ನೀವೇ ಕೇಳಿಸ್ಕೊಳ್ಬೇಕು."

"ಸರ್, ಆ ಮಿಷನ್ ಪೂರ್ತಿ ಬಿಚ್ಚಿದೋನು ನಾನು," ಎಂದು ಅಲ್ಲೇ ಇದ್ದ ಮೆಕ್ಯಾನಿಕ್ ಬಾಯಿ ಹಾಕಿದ. "ಅದೂ ಸರಿ ಇದೆ, ಇವರೂ ಸರಿ ಇದ್ದಾರಂತೆ. ಇನ್ನು ನಮ್ಮ ತಲೇನೇ ಚೆಕ್ ಮಾಡಿಸ್ಬೇಕು."

ಸುತ್ತಲಿನವರು ನಕ್ಕರು. ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಸೀಟು ಕೊಡುತ್ತೇನೆ, ಆದರೆ ಕಫ್‌ತಂಗಿಯನ್ನು ಪಕ್ಕದಲ್ಲಿಯೇ ಕಾಲರಿಗೆಂದು ಇಟ್ಟುಕೊಳ್ಳುತ್ತೇನೆ, ನಿಮ್ಮ ಕೈ ನಿಂತರೆ ಅವಳು ಹೊಲಿಯಬೇಕು, ಲೈನು ನಿಲ್ಲಬಾರದು ಎಂದ. ಒಂಟಿಯಾಗಿ ಆಳಿದ ಜಾಗಕ್ಕೆ ಪಾಲುಗಾರಳು ಬಂದಳು. ವಾದಿಸುವಷ್ಟು ತ್ರಾಣ ಕಾಲರಕ್ಕನಲ್ಲಿ ಉಳಿದಿರಲಿಲ್ಲ. ಹಿಂದಿನ ರಾತ್ರಿ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮೊದಮೊದಲು ಎದೆ ಓಡಿದರೂ ಹಲ್ಲು ಕಚ್ಚಿ ಹೊಲಿದರು. ತಂಗಿ ನೋಡುತ್ತಿದ್ದಳು, ಕೈ ಚಾಚಲಿಲ್ಲ. ಒಂದು ದಿನ ಅರ್ಧ ಕಾಲರ್ ಕೂರಿಸಿದಾಗ ಕಾವೂ ಬಡಿತವೂ ಒಟ್ಟಿಗೆ ಬಂದವು. ಕಾಲರಕ್ಕ ಸೂಜಿ ಮೇಲೆತ್ತಿ, ದಾರ ಕಡಿಯದೆ, ಅಂಗಿಯನ್ನು ಪಕ್ಕಕ್ಕೆ ಸರಿಸಿದರು.

"ತಗೊಳ್ಳೇ. ಬಲಗಡೆ ತುದಿ ಎಳೀಬೇಡ, ಅದಾಗೇ ಬರುತ್ತೆ."

"ಗೊತ್ತಕ್ಕಾ. ಹೋಗಿ ಮುಖ ತೊಳ್ಕೊಂಡು ಬನ್ನಿ."

ಅವರು ಎದ್ದು ನಲ್ಲಿಯ ಬಳಿ ಹೋದರು. ನೀರು ಸಣ್ಣಗೆ ಬರುತ್ತಿತ್ತು. ಬಡಿತ ಇಳಿಯುವವರೆಗೆ ಕತ್ತಿಗೆ ಒದ್ದೆ ಕೈ ಒತ್ತಿಕೊಂಡು ನಿಂತರು. ಒಳಗೆ ಲೈನು ಓಡುತ್ತಲೇ ಇತ್ತು, ಯಾರೂ ಕರೆಯಲಿಲ್ಲ.